ಹಳೇ ಮನೆಗಾಡಿಗೆ ಹೊಸ ಹೊಳಪು

ಸಿನಿಮಾ ಶೂಟಿಂಗ್ ನೋಡಲು ಹೋದವರಿಗೆ ಕ್ಯಾರವಾನ್ ಗೊತ್ತಿರುತ್ತದೆ. ಶಾಟ್ ರೆಡಿಯಾಗುವವರೆಗೆ ಹೀರೊ ಎ.ಸಿ. ಹಾಕಿಕೊಂಡು ಕುಳಿತಿರುವ ಆ ದೊಡ್ಡ ಗಾಡಿ. ಅದರ ದಾಯಾದಿ ಎನ್ನಬಹುದಾದ ಇನ್ನೊಂದು ಗಾಡಿ ಮೋಟಾರ್‌ಹೋಮ್. ಮುಂದೆ ಸ್ಟೇರಿಂಗು, ಹಿಂದೆ ಮಂಚ, ಒಲೆ, ಫ್ರಿಜ್, ಪುಟ್ಟ ಬಚ್ಚಲು. ಹೋದಲ್ಲೇ ಮನೆ, ನಿಂತಲ್ಲೇ ಊಟ.

ನಾನು ಈಗ ಓದುತ್ತಿರುವ ನ್ಯೂಜಿಲೆಂಡಿನಲ್ಲಿ ಇದು ಸಿನಿಮಾದವರ ಗಾಡಿಯಲ್ಲ. ನಿವೃತ್ತರಾದ ಮೇಷ್ಟ್ರು, ನರ್ಸು, ರೈತ ದಂಪತಿ ಒಂದು ಮೋಟಾರ್‌ಹೋಮ್ ಕೊಂಡು ಊರೂರು ಸುತ್ತುತ್ತಾರೆ. ಇಂಥ ಗಾಡಿ ಇಟ್ಟುಕೊಂಡವರ ರಾಷ್ಟ್ರೀಯ ಸಂಘ ಇಲ್ಲಿ 1956ರಿಂದಲೇ ಇದೆ. ಹೊಸ ಗಾಡಿಯ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ 20, 25 ವರ್ಷ ಹಳೆಯ ಗಾಡಿಗಳೂ ಕೈಯಿಂದ ಕೈಗೆ ದಾಟುತ್ತಾ ಓಡುತ್ತಲೇ ಇರುತ್ತವೆ. ಎಂಜಿನ್ ಗಟ್ಟಿಯಿರುತ್ತದೆ, ಒಳಗಿನ ಮಂಚ ಕಪಾಟು ಚೆನ್ನಾಗಿರುತ್ತವೆ. ಹೊರಮೈ ಮಾತ್ರ ಕಳೆಗುಂದಿ, ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುವ ಸ್ಥಿತಿಗೆ ಬಂದಿರುತ್ತದೆ.

ಆ ಪುಡಿಯನ್ನು ತೆಗೆದು ಗಾಡಿಗೆ ಮತ್ತೆ ಹೊಳಪು ತರುವುದು ನನ್ನ ಪಾರ್ಟ್‌ಟೈಮ್ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅವಕಾಶವಿತ್ತು. 2025ರ ನವೆಂಬರ್ 3ರಿಂದ ಅದು 25 ಗಂಟೆಯಾಗಿದೆ. ಹೋಟೆಲು, ಸೂಪರ್ ಮಾರ್ಕೆಟ್ಟುಗಳಲ್ಲಿ ನನ್ನ ಸಹಪಾಠಿಗಳು ಆ ಗಂಟೆಗಳನ್ನು ಕಳೆಯುತ್ತಾರೆ. ನಾನು ಕ್ರೈಸ್ಟ್‌ಚರ್ಚ್ ಊರಿನ ಹೊರಗೆ ಒಂದು ಯಾರ್ಡಿನಲ್ಲಿ ಬಕೆಟ್ ಹಿಡಿದು ನಿಲ್ಲುತ್ತೇನೆ. "ಅಷ್ಟು ಸಾಲ ಮಾಡಿ ಹೋದದ್ದು ಗಾಡಿ ತೊಳೆಯಲಿಕ್ಕಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈ ಬಿಳಿ ಪುಡಿ ಎಲ್ಲಿಂದ ಬಂತು?

ಹೆಚ್ಚಿನ ಮೋಟಾರ್‌ಹೋಮ್‌ಗಳ ಮೈ ಕಬ್ಬಿಣದ್ದಲ್ಲ, ಫೈಬರ್‌ಗ್ಲಾಸಿನದ್ದು. ನಮ್ಮೂರು ಮಲ್ಪೆಯ ಹತ್ತಿರ. ಅಲ್ಲಿ ಫೈಬರ್ ದೋಣಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ಒಂದು ಅಚ್ಚು ಇರುತ್ತದೆ. ಅದರ ಒಳಮೈಗೆ ಬಣ್ಣ ಬೆರೆಸಿದ ರೆಸಿನ್ ಬಳಿಯುತ್ತಾರೆ. ಅದರ ಮೇಲೆ ಗಾಜಿನ ನಾರಿನ ಚಾಪೆ, ಮತ್ತೆ ರೆಸಿನ್, ಮತ್ತೆ ಚಾಪೆ. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮೊದಲು ಬಳಿದ ಪದರವೇ ಹೊರಗೆ ಕಾಣುವ ಮೈಯಾಗಿರುತ್ತದೆ. ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ದೋಣಿಗೂ ಅದೇ, ಮೋಟಾರ್‌ಹೋಮಿಗೂ ಅದೇ.

ಜೆಲ್‌ಕೋಟಿನ ಶತ್ರು ಬಿಸಿಲು. ಬಿಸಿಲಿನ ಬಿಸಿಯಲ್ಲ, ಅದರೊಳಗಿನ ಅತಿನೇರಳೆ ಕಿರಣ. ನ್ಯೂಜಿಲೆಂಡಿನಲ್ಲಿ ಬೇಸಿಗೆಯಲ್ಲೂ ಹವೆ ತಂಪಾಗಿರುತ್ತದೆ, ಆದರೆ ಅತಿನೇರಳೆ ಕಿರಣದ ಪ್ರಖರತೆ ಉತ್ತರಾರ್ಧಗೋಳದ ಇಷ್ಟೇ ಅಕ್ಷಾಂಶದ ಊರುಗಳಿಗಿಂತ ಸುಮಾರು ಶೇ 40ರಷ್ಟು ಹೆಚ್ಚು. ಇಲ್ಲಿನ ಬೇಸಿಗೆಯಲ್ಲೇ ಭೂಮಿ ಸೂರ್ಯನಿಗೆ ಹತ್ತಿರ ಬಂದಿರುತ್ತದೆ, ಓಝೋನ್ ಪದರ ತೆಳು, ಗಾಳಿಯಲ್ಲಿ ದೂಳೂ ಕಡಿಮೆ. ಈ ಕಿರಣ ವರ್ಷಗಟ್ಟಲೆ ಬಿದ್ದಾಗ ಮೇಲ್ಪದರದ ರೆಸಿನ್ ಒಡೆಯುತ್ತದೆ. ಅದು ಹಿಡಿದಿಟ್ಟುಕೊಂಡಿದ್ದ ಬಣ್ಣದ ಕಣಗಳು ಸಡಿಲವಾಗುತ್ತವೆ. ಅವೇ ಕೈಗೆ ಹತ್ತುವ ಸೀಮೆಸುಣ್ಣದಂಥ ಪುಡಿ. ಯಾರ್ಡಿನಲ್ಲಿ ಇದನ್ನು ಆಕ್ಸಿಡೇಶನ್ ಎನ್ನುತ್ತಾರೆ.

ಒಂದು ಮಜಾ ಇದೆ. ಭೂಮಿಯ ದಕ್ಷಿಣ ಭಾಗದಲ್ಲಿರುವ ಈ ದೇಶದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಓಡಾಡುತ್ತಾನೆ. ಹಿತ್ತಿಲಲ್ಲಿ ಒಂದೇ ದಿಕ್ಕಿಗೆ ವರ್ಷಗಟ್ಟಲೆ ನಿಂತ ಗಾಡಿಯ ಒಂದು ಪಕ್ಕ ಸುಣ್ಣ ಬಳಿದಂತಿದ್ದು, ಇನ್ನೊಂದು ಪಕ್ಕ ಸುಮಾರಾಗಿ ಹೊಳೆಯುತ್ತಿರುತ್ತದೆ. ಆದರೆ ಆ ಹೊಳೆಯುವ ನೆರಳಿನ ಪಕ್ಕದಲ್ಲೇ ಪಾಚಿ ಮತ್ತು ಕಲ್ಲುಹೂವು ಬೆಳೆದಿರುತ್ತವೆ. ಹೌದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ. ಗಾಡಿ ನೋಡಿ ಅದು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂದು ಹೇಳಿಬಿಡಬಹುದು.

ಮೊದಲು ಕಣ್ಣು, ಆಮೇಲೆ ನೀರು

ಗಾಡಿ ಬಂದ ಕೂಡಲೇ ಪೈಪು ಹಿಡಿಯುವುದಿಲ್ಲ. ಒಂದು ಸುತ್ತು ನಡೆದು ನೋಡಬೇಕು. ಕಿಟಕಿ, ಛಾವಣಿಯ ಕಿಂಡಿ ಮುಚ್ಚಿವೆಯೇ? ಎರಡು ಹಲಗೆ ಸೇರುವ ಕಡೆ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದೆಯೇ? ಅಂಚಿನ ಪಟ್ಟಿ ಎದ್ದಿದೆಯೇ? ಫ್ರಿಜ್ಜಿನ ಗಾಳಿ ಆಡುವ ಜಾಲರಿ ಎಲ್ಲಿದೆ? ಜೋರಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್ ಚಕ್ರಕ್ಕೆ, ತಳಕ್ಕೆ ಒಳ್ಳೆಯದು. ಅದನ್ನು ಹಳೇ ಗಾಡಿಯ ಸಂದಿಗೆ ಹಿಡಿದರೆ ಮಳೆ ಹತ್ತು ವರ್ಷದಲ್ಲಿ ಮಾಡದ ಅನಾಹುತವನ್ನು ಹತ್ತು ನಿಮಿಷದಲ್ಲಿ ಮಾಡುತ್ತದೆ.

ತೊಳೆಯುವುದು ಛಾವಣಿಯಿಂದ. ಛಾವಣಿಯ ಕೊಳೆ ಮಳೆಯಲ್ಲಿ ಇಳಿದೇ ಪಕ್ಕಗಳಲ್ಲಿ ಕಪ್ಪು ಗೆರೆಗಳಾಗಿರುತ್ತವೆ. ಪಕ್ಕ ತೊಳೆದು ಆಮೇಲೆ ಛಾವಣಿಗೆ ಹೋದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು. ಗಾಡಿ ನೆರಳಿನಲ್ಲಿರಬೇಕು, ಮೈ ತಣ್ಣಗಿರಬೇಕು. ಬಿಸಿ ಮೈಮೇಲೆ ಸೋಪಿನ ನೀರು ಅಲ್ಲಲ್ಲೇ ಒಣಗಿ ಕಲೆ ಕೂರುತ್ತದೆ. ಎರಡು ಬಕೆಟ್ ಬೇಕು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಾಡಿ, ಆಮೇಲೆ ಶಾಂಪೂಗೆ ಅದ್ದಬೇಕು. ಒಂದೇ ಬಕೆಟ್ ಇಟ್ಟುಕೊಂಡರೆ ಮರಳಿನ ಕಣಗಳನ್ನು ಗಾಡಿಯ ಮೈಗೆ ವಾಪಸ್ ತಿಕ್ಕಿದ ಹಾಗೆ. ಬರಿಗಣ್ಣಿಗೆ ಕಾಣದ ಸಾವಿರ ಗೀರುಗಳು ಬೀಳುವುದು ಹೀಗೆಯೇ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅದು ಜಿಡ್ಡಿನ ಜೊತೆ ಮೇಣದ ರಕ್ಷಣೆಯನ್ನೂ ಕಿತ್ತುಹಾಕುತ್ತದೆ. ಪಾಲಿಶ್ ಮಾಡುವ ಮುಂಚೆ ಒಂದು ಸಲವಾದರೆ ಅಡ್ಡಿಯಿಲ್ಲ, ಪ್ರತಿ ವಾರಕ್ಕೆ ಬೇಡ.

ಇನ್ನು ತೊಳೆದ ನೀರು. ಇಲ್ಲಿ ರಸ್ತೆ ಬದಿಯ ಮಳೆನೀರಿನ ಚರಂಡಿ ಯಾವ ಶುದ್ಧೀಕರಣವೂ ಇಲ್ಲದೆ ನೇರ ಹೊಳೆಗೆ ಸೇರುತ್ತದೆ. ಕ್ರೈಸ್ಟ್‌ಚರ್ಚಿನ ಏವನ್, ಹೀತ್‌ಕೋಟ್ ಹೊಳೆಗಳಿಗೆ ಸೋಪು ಹೋಗಬಾರದೆಂದು ಮನೆಯವರು ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯುತ್ತಾರೆ. ಯಾರ್ಡುಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಕಟ್ಟೆ ಇರುತ್ತದೆ. ನಮ್ಮಲ್ಲೂ ನೀರಿನ ಲೆಕ್ಕ ಶುರುವಾಗಿದೆ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಗಾಡಿ ತೊಳೆಯುವ ಕೆಲಸ ಕಲಿಯುವವರು ಕಡಿಮೆ ನೀರಿನಲ್ಲಿ ತೊಳೆಯುವುದನ್ನೂ ಕಲಿಯಬೇಕಾದ ಕಾಲ ಇದು.

ಒದ್ದೆ ಸ್ಲೇಟಿನ ಪರೀಕ್ಷೆ

ತೊಳೆದು ಒಣಗಿದ ಮೇಲೆ ಗಾಡಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಕೊಳೆ ಹೋಯಿತು, ಮಂಕು ಉಳಿಯಿತು. ಈಗ ಒಂದು ಜಾಗಕ್ಕೆ ನೀರು ಹಚ್ಚಿ ನೋಡಬೇಕು. ಒರೆಸಿ ಒದ್ದೆಯಾದ ಸ್ಲೇಟು ಕಪ್ಪಗೆ ಮಿರುಗುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇವಲ್ಲ, ಹಾಗೆಯೇ ಗಾಡಿಯ ಬಣ್ಣ ಒಂದು ಕ್ಷಣ ಮರಳುತ್ತದೆ. ಸವೆದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಬೆಳಕು ಅಲ್ಲಿ ಚದುರಿಹೋಗುವುದೇ ಮಂಕಿಗೆ ಕಾರಣ. ನೀರು ಆ ಗುಳಿಗಳನ್ನು ತುಂಬುತ್ತದೆ. ನೀರಿಟ್ಟಾಗ ಬಣ್ಣ ಬಂದರೆ ಒಳಗಿನ ಪದರ ಇನ್ನೂ ಜೀವಂತವಾಗಿದೆ ಎಂದರ್ಥ. ಪಾಲಿಶ್ ಮಾಡಿ ಪ್ರಯೋಜನವಿದೆ.

ಮನೆಯ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿದರೆ ಹುಳಿ ಕಿಲುಬನ್ನು ಕರಗಿಸುತ್ತದೆ. ಜೆಲ್‌ಕೋಟಿನ ಪುಡಿ ಹಾಗೆ ಕರಗುವುದಿಲ್ಲ. ಸತ್ತ ಪದರವನ್ನು ಉಜ್ಜಿಯೇ ತೆಗೆಯಬೇಕು. ಅದಕ್ಕೆ ಕಾಂಪೌಂಡ್ ಎಂಬ ತರಿತರಿಯಾದ ಪೇಸ್ಟು, ಬಫಿಂಗ್ ಮಷಿನ್, ಅದಕ್ಕೆ ಉಣ್ಣೆಯ ಪ್ಯಾಡು. ಕಾಂಪೌಂಡಿನ ನಂತರ ನಯವಾದ ಪಾಲಿಶ್, ಸ್ಪಂಜಿನ ಪ್ಯಾಡಿನಲ್ಲಿ. ಕೊನೆಗೆ ಮೇಣ. ತೀರಾ ಹದಗೆಟ್ಟ ಗಾಡಿಗೆ ಮಾತ್ರ ಕಾಂಪೌಂಡಿಗೂ ಮೊದಲು 1000, 1500, 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕುತ್ತಾರೆ.

ಎಷ್ಟು ಉಜ್ಜಬಹುದು? ಇಡೀ ಕೆಲಸ ನಿಂತಿರುವುದು ಈ ಪ್ರಶ್ನೆಯ ಮೇಲೆ. ಜೆಲ್‌ಕೋಟಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಜೆರಾಕ್ಸ್ ಕಾಗದದ ಐದು ಹಾಳೆ ಒಂದರ ಮೇಲೊಂದು ಇಟ್ಟಷ್ಟು. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಅರ್ಧ ಹಾಳೆಯಷ್ಟೂ ಇರುವುದಿಲ್ಲ. ಕಾರಿಗೆ ಹೋಲಿಸಿದರೆ ಮೋಟಾರ್‌ಹೋಮಿಗೆ ಹೆಚ್ಚು ಅವಕಾಶವಿದೆ, ಆದರೆ ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಆ ದಪ್ಪದಲ್ಲಿ ಒಂದಿಷ್ಟು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಹಿಂದಿನ ಮಾಲೀಕ ಎಷ್ಟು ಸಲ ಉಜ್ಜಿಸಿದ್ದಾನೋ ಗೊತ್ತಿರುವುದಿಲ್ಲ. ಆದ್ದರಿಂದ ಅತಿ ಮೆದು ಪ್ಯಾಡಿನಿಂದ ಶುರುಮಾಡಿ, ಅದು ಸಾಲದಿದ್ದರೆ ಮಾತ್ರ ಒರಟಿಗೆ ಹೋಗುವುದು ನಿಯಮ. ಮೂಲೆ, ಅಂಚುಗಳಲ್ಲಿ ಪದರ ಬೇಗ ಸವೆಯುತ್ತದೆ. ಅಲ್ಲಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಕೈಯಲ್ಲೇ ಉಜ್ಜುತ್ತೇವೆ.

ಎಲ್ಲ ಮೋಟಾರ್‌ಹೋಮೂ ಫೈಬರ್ ಅಲ್ಲ ಎನ್ನುವುದನ್ನೂ ನೆನಪಿಡಬೇಕು. ಕೆಲವಕ್ಕೆ ಬಣ್ಣ ಹೊಡೆದ ಅಲ್ಯೂಮಿನಿಯಂ ತಗಡಿನ ಪಕ್ಕಗಳಿರುತ್ತವೆ. ಆ ಬಣ್ಣ ಜೆಲ್‌ಕೋಟಿಗಿಂತ ತೀರಾ ತೆಳು. ಇನ್ನು ಕೆಲವಕ್ಕೆ ಮುಂದೆ ಹಿಂದೆ ಪ್ಲಾಸ್ಟಿಕ್ ಮುಖ. ಮಷಿನ್ ಒಂದೇ ಕಡೆ ನಿಂತರೆ ಅದು ಕಾದು ಸೊಟ್ಟಗಾಗುತ್ತದೆ. ಒಂದೇ ಗಾಡಿಯಲ್ಲಿ ಮೂರು ಥರದ ಮೈ ಇರುವುದೂ ಉಂಟು.

ಈಗ ಒಂದು ಲೆಕ್ಕ. 7 ಮೀಟರ್ ಉದ್ದ, 2.2 ಮೀಟರ್ ಅಗಲದ ಗಾಡಿಯ ಸುತ್ತಳತೆ 18.4 ಮೀಟರ್. ಉಜ್ಜಬೇಕಾದ ಎತ್ತರ 2 ಮೀಟರ್ ಎಂದರೆ ಸುಮಾರು 37 ಚದರ ಮೀಟರ್. ನಾವು ಒಂದು ಸಲಕ್ಕೆ ತೆಗೆದುಕೊಳ್ಳುವುದು 60 ಸೆಂಟಿಮೀಟರಿನ ಚೌಕ. ಅಂದರೆ ನೂರಕ್ಕೂ ಹೆಚ್ಚು ಚೌಕಗಳು. ಮಷಿನ್ ನಿಮಿಷಕ್ಕೆ 1,000ದಿಂದ 1,500 ಸುತ್ತಿನೊಳಗೆ ನಿಧಾನ ತಿರುಗಬೇಕು, ಒಂದು ಸಾಲಿನ ಅರ್ಧ ಮುಂದಿನ ಸಾಲಿನ ಮೇಲೆ ಬರಬೇಕು. ಚೌಕಕ್ಕೆ ಐದು ನಿಮಿಷವೆಂದರೂ ಕಾಂಪೌಂಡಿಗೇ ಎಂಟೂವರೆ ಗಂಟೆ. ಆಮೇಲೆ ಪಾಲಿಶಿನ ಸುತ್ತು, ಆಮೇಲೆ ಮೇಣದ ಸುತ್ತು. ಒಂದು ಗಾಡಿಗೆ ಮೂರು ದಿನ. ಇಂಟರ್‌ನೆಟ್ಟಿನ ವಿಡಿಯೊದಲ್ಲಿ ಇದು ಮೂವತ್ತು ಸೆಕೆಂಡಿನಲ್ಲಿ ಮುಗಿದಿರುತ್ತದೆ.

ಒಂದು ಚೌಕ ಮುಗಿದಾಗ ನಮ್ಮ ಯಾರ್ಡಿನ ಹಿರಿಯ ಬಂದು ಅದನ್ನು ಸ್ಪಿರಿಟ್ ಹಾಕಿ ಒರೆಸುತ್ತಾನೆ. ಕಾಂಪೌಂಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಗೀರುಗಳು ತಾತ್ಕಾಲಿಕವಾಗಿ ಮುಚ್ಚಿಹೋಗಿರುತ್ತವೆ. ಒರೆಸಿದ ಮೇಲೂ ಹೊಳೆದರೆ ಅದು ಮೈಯ ಹೊಳಪು. ಒರೆಸಿದಾಗ ಮಂಕಾದರೆ ಅದು ಎಣ್ಣೆಯ ಹೊಳಪು, ಮತ್ತೆ ಮಷಿನ್ ಎತ್ತಬೇಕು. ಮೇಣ ಹಚ್ಚುವುದು ಈ ಪರೀಕ್ಷೆ ಪಾಸಾದ ಮೇಲೆ. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಮೇಣ ಹಳಬರ ಮೆಚ್ಚು. ಈಗ ರಾಸಾಯನಿಕ ಸೀಲೆಂಟುಗಳೂ ಇವೆ. ಮೇಣ ಕೆಲವೇ ತಿಂಗಳು ಬಾಳುತ್ತದೆ. ಹಚ್ಚುತ್ತಾ ಇದ್ದರೆ ಮತ್ತೆ ಉಜ್ಜುವ ಕಾಲ ಮುಂದಕ್ಕೆ ಹೋಗುತ್ತದೆ.

ಮೋಟಾರ್‌ಹೋಮಿನ ಕಿಟಕಿಗೆ ಮಾತ್ರ ಮಷಿನ್ ತಾಗಿಸುವಂತಿಲ್ಲ. ಬಹುತೇಕ ಕಿಟಕಿಗಳು ಗಾಜಲ್ಲ, ಆಕ್ರಿಲಿಕ್ ಪ್ಲಾಸ್ಟಿಕ್. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಅಥವಾ ಸ್ಪಿರಿಟ್ ಹಾಕಿದರೆ ಅದರೊಳಗೆ ಜೇಡರ ಬಲೆಯಂಥ ಬಿರುಕು ಮೂಡುತ್ತದೆ. ಸೋಪಿನ ನೀರು, ಅದಕ್ಕೆಂದೇ ಇಟ್ಟ ಮೆತ್ತನೆಯ ಬಟ್ಟೆ, ಅಷ್ಟೇ.

ಮೆತ್ತಗಾದ ಮೂಲೆ

2025ರ ಮೇ ತಿಂಗಳು. ಇಲ್ಲಿ ಚಳಿಗಾಲದ ಹೊಸ್ತಿಲು. ವಯಸ್ಸಾದ ಗಂಡ ಹೆಂಡತಿ 1998ರ ಮಾದರಿಯ ಗಾಡಿಯೊಂದನ್ನು ತಂದರು. ಮಾರಲು ನಿರ್ಧರಿಸಿದ್ದರು. ಹೊಳಪು ಬಂದರೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಆಸೆ. ಮೂರು ದಿನದ ಕೆಲಸ ಎಂದು ಮಾತಾಯಿತು. ಅದರಲ್ಲಿ ನನ್ನ ಪಾಲು 16 ಗಂಟೆ. ಆಗಿನ ಕನಿಷ್ಠ ವೇತನ ಗಂಟೆಗೆ 23.50 ಡಾಲರ್. 376 ಡಾಲರ್ ಬರುತ್ತದೆ, ಆ ವಾರದ ಬಾಡಿಗೆ, ದಿನಸಿ ಎರಡೂ ಕಳೆಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಹಿಂಬದಿಯ ಮೂಲೆ ತೊಳೆಯುವಾಗ ಬಟ್ಟೆಯ ಕೆಳಗೆ ಮೈ ಸ್ವಲ್ಪ ಒಳಗೆ ಹೋದಂತಾಯಿತು. ಬೆರಳಿಂದ ಒತ್ತಿದೆ. ಗಟ್ಟಿ ಇರಬೇಕಾದ ಜಾಗ ಮೆತ್ತಗಿತ್ತು. ಅದರ ಮೇಲಿನ ಅಂಚಿನ ಪಟ್ಟಿಯಲ್ಲಿ ಸೀಲೆಂಟ್ ಕೂದಲೆಳೆಯಷ್ಟು ಬಿಟ್ಟಿತ್ತು. ಈ ಗಾಡಿಗಳ ಗೋಡೆ ಒಳಗೆ ಮರದ ಚೌಕಟ್ಟು, ಥರ್ಮೋಕೋಲಿನಂಥ ಫೋಮು, ಅದರ ಎರಡೂ ಬದಿಗೆ ತೆಳು ಹಲಗೆ. ಸಂದಿಯಲ್ಲಿ ನೀರು ಇಳಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮರ ಕೊಳೆಯುತ್ತದೆ.

ಹಿರಿಯನನ್ನು ಕರೆದೆ. ಅವನು ಒಳಗೆ ಕಪಾಟು ತೆರೆದು ತೇವ ಅಳೆಯುವ ಮೀಟರಿನ ಮುಳ್ಳನ್ನು ಗೋಡೆಗೆ ಒತ್ತಿದ. ಸಾಮಾನ್ಯವಾಗಿ 15ರೊಳಗೆ ಇದ್ದರೆ ಚಿಂತೆಯಿಲ್ಲ, 20 ದಾಟಿದರೆ ಹುಡುಕಬೇಕು. ಅದು 30ರ ಮೇಲೆ ತೋರಿಸುತ್ತಿತ್ತು.

ನಮ್ಮನ್ನು ಕರೆದದ್ದು ಪಾಲಿಶಿಗೆ, ರಿಪೇರಿಗಲ್ಲ. ಆ ಮೂಲೆಯನ್ನೂ ಉಜ್ಜಿ ಮೇಣ ಹಚ್ಚಿಬಿಟ್ಟಿದ್ದರೆ ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಗಾಡಿ ಹೊಳೆಯುತ್ತಿತ್ತು. ಕೊಂಡವನಿಗೆ ಒಂದೆರಡು ಮಳೆಗಾಲ ಕಳೆದ ಮೇಲೆ ಗೋಡೆ ಬೀಳುವಾಗ ಗೊತ್ತಾಗುತ್ತಿತ್ತು. ಹಿರಿಯ ಮಷಿನ್ನಿನ ಪ್ಲಗ್ ತೆಗೆದ. ಆ ಅಜ್ಜನನ್ನು ಕರೆದು, ಏನೂ ಹೇಳದೆ, ಅವನ ಕೈ ಹಿಡಿದು ಆ ಮೂಲೆಯ ಮೇಲಿಟ್ಟ. ಅಜ್ಜ ಎರಡು ಸಲ ಒತ್ತಿ ನೋಡಿದ. ಆಮೇಲೆ ಹೆಂಡತಿಯನ್ನು ಕರೆದು ಅವಳ ಕೈಯನ್ನೂ ಅಲ್ಲಿಟ್ಟ.

ಗಾಡಿ ಅವತ್ತೇ ರಿಪೇರಿಯವರ ಬಳಿಗೆ ಹೋಯಿತು. ಆ ವಾರ ನನಗೆ ನಾಲ್ಕೇ ಗಂಟೆಯ ಕೆಲಸ. ಬಾಡಿಗೆಗೆ ಗೆಳೆಯನ ಹತ್ತಿರ ಕೈಸಾಲ ಮಾಡಿದೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. "ಹೇಳದಿದ್ದರೆ ನಮಗೇನು ನಷ್ಟವಾಗುತ್ತಿತ್ತು?" ಎಂದು ಹಿರಿಯನನ್ನು ಕೇಳಿದೆ. "ಮೂರು ದಿನದ ಕೆಲಸ ಉಳಿಯುತ್ತಿತ್ತು. ಇನ್ಮುಂದೆ ನಾವು ಹೊಳಪು ಕೊಟ್ಟ ಗಾಡಿಯನ್ನು ಯಾರೂ ನಂಬುತ್ತಿರಲಿಲ್ಲ" ಎಂದ. ಎರಡು ತಿಂಗಳ ನಂತರ ಗಾಡಿ ಮರಳಿ ಬಂತು. ಮೂಲೆಯ ಮರ ಬದಲಾಗಿತ್ತು, ಸಂದಿಗೆ ಹೊಸ ಸೀಲೆಂಟ್ ಇತ್ತು, ರಿಪೇರಿಯ ಬಿಲ್ಲು ಗಾಡಿಯ ಫೈಲಿನಲ್ಲಿತ್ತು. ನಾವು ಮೂರು ದಿನ ಉಜ್ಜಿದೆವು. ಎಷ್ಟಕ್ಕೆ ಮಾರಿದರೋ ಕೇಳಲಿಲ್ಲ.

ಸುಳ್ಳು ಹೊಳಪಿಗೆ ದಾರಿಗಳು ಬೇಕಾದಷ್ಟಿವೆ. ಪುಡಿ ತೆಗೆಯದೆ ಸಿಲಿಕೋನ್ ಎಣ್ಣೆ ಹಚ್ಚಿದರೆ ಒಂದೆರಡು ವಾರ ಮಿಂಚುತ್ತದೆ. ನೆಲಕ್ಕೆ ಬಳಿಯುವ ಆಕ್ರಿಲಿಕ್ ಪಾಲಿಶನ್ನೇ ಗಾಡಿಗೆ ಬಳಿಯುವವರೂ ಇದ್ದಾರೆ. ಕೊಳೆಯ ಮೇಲೆ ಬಳಿದರೆ ಅದು ಹಳದಿಯಾಗಿ ಸಿಪ್ಪೆ ಏಳುತ್ತದೆ, ಆಮೇಲೆ ಅದನ್ನು ಕೀಳುವುದೇ ಒಂದು ಶಿಕ್ಷೆ. ಹಳೇ ಗಾಡಿ ಕೊಳ್ಳುವವರು ಮೊದಲು ಹೊಳಪಿಗೆ ಮರುಳಾಗದೆ ಮೂಲೆಗಳನ್ನು, ಕಿಟಕಿಯ ಕೆಳಭಾಗವನ್ನು ಒತ್ತಿ ನೋಡಬೇಕು. ಕಪಾಟು ತೆರೆದು ಮೂಸಬೇಕು. ಕೊಳೆತ ಮರದ ವಾಸನೆಗೆ ಪಾಲಿಶ್ ಇಲ್ಲ.

ನಮ್ಮೂರಲ್ಲಿ ಇದಕ್ಕೆ ಕೆಲಸ ಉಂಟಾ?

ಮೋಟಾರ್‌ಹೋಮ್ ನಮ್ಮಲ್ಲಿ ಅಪರೂಪ. ಆದರೆ ಅದರ ಮೈ ಅಪರೂಪವಲ್ಲ. ಮಲ್ಪೆ, ಮಂಗಳೂರಿನ ಫೈಬರ್ ದೋಣಿಗಳಿಗೆ ಇದೇ ಜೆಲ್‌ಕೋಟ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಇರುವಾಗ ದೋಣಿಗಳ ದುರಸ್ತಿ ನಡೆಯುತ್ತದೆ. ಖಾಸಗಿ ಸ್ಲೀಪರ್ ಬಸ್ಸುಗಳ ಮುಂದಿನ ಹಿಂದಿನ ಮುಖ ಫೈಬರಿನದ್ದು. ದೊಡ್ಡ ಊರುಗಳಲ್ಲೆಲ್ಲ ಕಾರ್ ಡೀಟೇಲಿಂಗ್ ಅಂಗಡಿಗಳು ಬಂದಿವೆ. ಕೈಗೆ ಹದ ಬಂದವನಿಗೆ ಗಾಡಿ ಯಾವುದಾದರೇನು?

ಕಲಿಯಬೇಕೆನ್ನುವವರಿಗೆ ಒಂದೆರಡು ಮಾತು. ಗ್ರಾಹಕರ ಗಾಡಿಯ ಮೇಲೆ ಕಲಿಯಬೇಡಿ. ಗ್ಯಾರೇಜಿನಲ್ಲಿ ಗುಜರಿಗೆ ಹಾಕಿದ ಬಾನೆಟ್ಟೋ ಫೈಬರ್ ತುಂಡೋ ಕೇಳಿದರೆ ಕೊಡುತ್ತಾರೆ. ಅದರ ಮೇಲೆ ಬೇಕೆಂದೇ ಪದರ ಹರಿಯುವವರೆಗೆ ಉಜ್ಜಿ ನೋಡಿ. ಎಲ್ಲಿ ನಿಲ್ಲಿಸಬೇಕೆಂದು ಪುಸ್ತಕ ಓದಿದರೆ ಗೊತ್ತಾಗುವುದಿಲ್ಲ, ಆ ತುಂಡು ಹೇಳಿಕೊಡುತ್ತದೆ. ಕಾಂಪೌಂಡಿನ ದೂಳಿಗೆ ಕರ್ಚೀಫ್ ಸಾಲದು, ಸರಿಯಾದ ಮಾಸ್ಕ್, ಕನ್ನಡಕ ಬೇಕು. ಮಷಿನ್ನಿನ ವೈರು ಹೆಗಲ ಮೇಲಿಂದ ಬೆನ್ನ ಹಿಂದೆ ಇರಲಿ, ಏಣಿಯ ತುದಿ ಮೆಟ್ಟಿಲಲ್ಲಿ ನಿಂತು ಮಷಿನ್ ಹಿಡಿಯಬೇಡಿ. ನ್ಯೂಜಿಲೆಂಡಿನಲ್ಲಿ 2015ರ ಕಾಯ್ದೆಯ ಪ್ರಕಾರ ಇಂಥ ರಕ್ಷಣಾ ಸಾಮಗ್ರಿಯನ್ನು ಮಾಲೀಕನೇ ಕೊಡಬೇಕು, ಅದಕ್ಕೆ ಕೆಲಸಗಾರನಿಂದ ಹಣ ಕೇಳುವಂತಿಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಿ, ನಾಚಿಕೆ ಬೇಡ.

ಮೊದಲ ದಿನವೇ ಯಾರೂ ಮಷಿನ್ ಕೈಗೆ ಕೊಡುವುದಿಲ್ಲ. ಬಕೆಟ್ ಕೊಡುತ್ತಾರೆ. ತೆಗೆದುಕೊಳ್ಳಿ. ಮಾಲೀಕ ಗಾಡಿಯನ್ನು ದೂರದಿಂದ ನೋಡುತ್ತಾನೆ, ಕೊಳ್ಳುವವನು ಹತ್ತು ನಿಮಿಷ ನೋಡುತ್ತಾನೆ. ಅದರ ಮೈಯ ಪ್ರತಿ ಅಂಗುಲದ ಮೇಲೆ ಕೈಯಾಡಿಸುವುದು ತೊಳೆಯುವವನು ಮಾತ್ರ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಮೊದಲು ತಿಳಿಯುವುದೂ ಅವನಿಗೇ.